ಭೈರವಿಗೆ ಏಳುವವರು

ವಯೊಲಿನ್ ನುಡಿಸುವವಳ ಬದುಕು ಬಲು ಗಂಭೀರ ಎಂದು ಜನ ತಿಳಿದಿದ್ದಾರೆ. ನಾನೂ ಗಂಭೀರವಾಗಿಯೇ ಮನೆಯಿಂದ ಹೊರಡುತ್ತೇನೆ. ಆದರೆ ಕಾರವಾರಕ್ಕೂ ಅಂಕೋಲೆಗೂ ನಡುವೆ ಎಲ್ಲಾದರೊಂದು ಕಡೆ ಏನಾದರೂ ಆಗಿಯೇ ತೀರುತ್ತದೆ. ಈಚೆಗೆ ಆದದ್ದೆಲ್ಲ ನನ್ನ ಒಂದೇ ಒಂದು ಹೊಸ ರಚನೆಯ ದೆಸೆಯಿಂದ.

ತಳ ಹಿಡಿದ ಗಂಜಿ

ಕಾರವಾರದ ಶಿರವಾಡದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯಾಕೆಗೆ, ಓಣಿಯವರೆಲ್ಲ ಬಾಯಿ ಎಂದು ಕರೆಯುವವರಿಗೆ, ಬೆಳಗಿನ ಹೊತ್ತು ಗಡಿಯಾರ ಬೇಕಿರಲಿಲ್ಲ. ನಾನು ತೋಡಿ ರಾಗ ಶುರು ಮಾಡಿದರೆ ಅವರು ಗಂಜಿಗೆ ಇಡುತ್ತಿದ್ದರು, ಮುಗಿಸಿದರೆ ಇಳಿಸುತ್ತಿದ್ದರು. ಎಷ್ಟೋ ವರ್ಷ ನನ್ನ ತೋಡಿಯೂ ಅವರ ಗಂಜಿಯೂ ಒಟ್ಟಿಗೇ ಬೆಂದವು.

ಆಮೇಲೆ ನಾನು ಹೊಸ ರಚನೆಗೆ ಕೈ ಹಾಕಿದೆ. ರಾಗ ಹಳೆಯದು, ಜೊತೆಗೆ ಗೆಳೆಯನೊಬ್ಬನ ಗಿಟಾರು. ನಡುವೆ ನಿಲ್ಲಿಸುವುದು, ಯೋಚಿಸುವುದು, ಮತ್ತೆ ಮೊದಲಿನಿಂದ ನುಡಿಸುವುದು. ಒಂದು ಬೆಳಿಗ್ಗೆ ಬಾಯಿ ಸೀದ ಪಾತ್ರೆಯನ್ನೇ ಹಿಡಿದುಕೊಂಡು ಬಂದರು.

"ಎಂತ ಗೋ ಇದು? ಹಳೇದಕ್ಕೆ ಒಂದು ಕೊನೆ ಅಂತ ಇತ್ತು. ಈ ನಿನ್ನ ಹೊಸದು ಮುಗೀತು ಅಂತ ಗೊತ್ತಾಗೂದು ಹೆಂಗೆ?"

"ನನಗೇ ಇನ್ನೂ ಗೊತ್ತಾಗ್ಲಿಲ್ಲ ಬಾಯೀ" ಎಂದೆ.

ಅಂದಿನಿಂದ ಅವರು ಕುಕ್ಕರಿನಲ್ಲಿ ಬೇಯಿಸುತ್ತಾರೆ. ಅದು ಸೀಟಿಯನ್ನಾದರೂ ಹಾಕುತ್ತದಂತೆ.

ಹರಿವೆಗೆ ನೀರು

ನನಗೆ ಕಲಿಸಿದ ಮಾಸ್ತರು ಅಂಕೋಲೆ ಹತ್ತಿರದ ಭಾವಿಕೇರಿಯವರು. ಅವರ ಬಾಯಲ್ಲಿ ಅತಿ ದೊಡ್ಡ ಹೊಗಳಿಕೆ ಎಂದರೆ "ಅಡ್ಡಿಲ್ಲ". ಅದನ್ನು ಕೇಳಲಿಕ್ಕೆ ನಾವು ಶಿಷ್ಯರು ಬೆರಳು ಸವೆಸಿಕೊಂಡಿದ್ದೇವೆ. ಈ ಹೊಸದಕ್ಕೂ ಅವರಿಂದ ಒಂದು "ಅಡ್ಡಿಲ್ಲ" ಸಿಗಬೇಕೆಂದು ನನಗೆ ಆಸೆಯೋ ಆಸೆ.

ತೊಡಕು ಇಷ್ಟೇ. ನನ್ನ ರಚನೆ ಶುರುವಾಗುವುದು ಭೈರವಿ ರಾಗದಿಂದ. ನಮ್ಮ ಕಡೆ ಸಂಗೀತದ ಬೈಠಕ್ ಮುಗಿಯುವುದೇ ಭೈರವಿಯಿಂದ. ಅದು ಬಂತೆಂದರೆ ಮುಂದೆ ಏನೂ ಇಲ್ಲ, ಕೈ ಮುಗಿದು ಮನೆಗೆ ನಡೆಯುವುದು. ಹಿರಿಯರು ಮುಗಿಸಿದ ಜಾಗದಿಂದಲೇ ನಾನು ಹೊರಡಬೇಕು ಎಂಬುದು ನನ್ನ ಹಟ.

ಮಾಸ್ತರ ಎದುರು ಕುಳಿತು ಮೊದಲ ಸ್ವರ ಎಳೆದೆ. ಅವರು ಎದ್ದೇಬಿಟ್ಟರು.

"ಭೈರವಿ ಆಯ್ತಲ್ಲ ತಂಗಿ. ನಾನು ಏಳ್ತೆ."

ಹಾಗೆಂದವರು ಹಿತ್ತಲಿಗೆ ಹೋಗಿ ಹರಿವೆಗೆ ನೀರು ಹಾಕತೊಡಗಿದರು. ನಾನೂ ಬಿಡಲಿಲ್ಲ, ಕಿಟಕಿಯತ್ತ ತಿರುಗಿ ನುಡಿಸುತ್ತಲೇ ಇದ್ದೆ. ಕೊನೆಗೆ ಅವರ ಹೆಂಡತಿ, ನಾವೆಲ್ಲ ಅಮ್ಮ ಎನ್ನುವವರು, ಬಂದು ನನ್ನ ಹೆಗಲು ಮುಟ್ಟಿದರು. "ಸಾಕು ಮಾರಾಯ್ತಿ. ನೀ ನಿಲ್ಸೂ ತನಕ ಅವರು ಒಳಗೆ ಬರೂದಿಲ್ಲ. ಹರಿವೆ ಕೊಳೆತು ಹೋಗ್ತದೆ."

ಗಿಟಾರಿನವನ ಸತ್ಕಾರ

ಅಂಕೋಲೆಯಲ್ಲಿ ಒಂದು ಕಾರ್ಯಕ್ರಮ ಸಿಕ್ಕಿತು. ಮೊದಲು ಯಮನ್ ರಾಗ ನುಡಿಸಿದೆ, ಜನ ತಲೆದೂಗಿದರು. ಆಮೇಲೆ ಗಿಟಾರಿನ ಗೆಳೆಯ ವೇದಿಕೆಗೆ ಬಂದು ಕೂತ. ನಾನು ಕಣ್ಣು ಮುಚ್ಚಿ ಹೊಸದನ್ನು ಶುರು ಮಾಡಿದೆ.

ಕಣ್ಣು ಬಿಟ್ಟಾಗ ಸಭೆಯೇ ಎದ್ದು ನಿಂತಿತ್ತು. ಸಿಟ್ಟಿನಿಂದಲ್ಲ, ಭಕ್ತಿಯಿಂದ. ಕೆಲವರು ಕೈ ಮುಗಿದರು, ಕೆಲವರು ಚಪ್ಪಲಿ ಹುಡುಕಿದರು. ಸಂಘಟಕರು ಮೈಕು ಹಿಡಿದು ವಂದನಾರ್ಪಣೆ ಶುರುವಿಟ್ಟರು. ನನಗೊಂದು ಶಾಲು, ಗೆಳೆಯನಿಗೊಂದು ಶಾಲು, ತೆಂಗಿನಕಾಯಿ. ಅವನಿನ್ನೂ ಒಂದು ತಂತಿಯನ್ನೂ ಮುಟ್ಟಿರಲಿಲ್ಲ.

ಕಾರವಾರಕ್ಕೆ ಮರಳುವ ದಾರಿಯುದ್ದಕ್ಕೂ ಅವನು ತೆಂಗಿನಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮನೆ ಬಂದಾಗ ಅದನ್ನು ನೋಡುತ್ತ ಕೇಳಿದ: "ನುಡಿಸದೇ ಇದ್ದದ್ದಕ್ಕೆ ಕೊಟ್ಟದ್ದೇನೇ ಇದು?"

ಸುದ್ದಿ ಮಾಸ್ತರಿಗೂ ಮುಟ್ಟಿತು. "ಅಂಕೋಲೆ ಜನಕ್ಕೆ ಸಂಗೀತ ಗೊತ್ತದೆ" ಎಂದರಂತೆ. ನನಗೆ ನಿಜಕ್ಕೂ ಅಳು ಬಂತು.

ಕೂತ್ಕಣಿ

ಮಳೆಗಾಲ ಹಿಡಿಯುವ ಮುಂಚೆ ಮಾಸ್ತರು ಹಾಸಿಗೆ ಹಿಡಿದರು. ನೋಡಲು ಹೋದಾಗ ಬೊಬ್ರುವಾಡದ ನೆಂಟರೆಲ್ಲ ಜಗುಲಿಯಲ್ಲಿ ಕೂತಿದ್ದರು. ಇವತ್ತೋ ನಾಳೆಯೋ ಎಂಬಂತೆ ಎಲ್ಲರೂ ಪಿಸುಮಾತಿನಲ್ಲಿದ್ದರು. ಒಳಗೆ ಮಾಸ್ತರು ನನ್ನ ವಯೊಲಿನ್ ಪೆಟ್ಟಿಗೆಯನ್ನು ನೋಡಿದರು.

"ಆ ನಿನ್ನ ಹೊಸದು ನುಡಿಸು. ಈಗ ಎದ್ದು ಹೋಗೂದಕ್ಕೆ ನನ್ನ ಹತ್ರ ಆಗೂದಿಲ್ಲ."

ಹಾಸಿಗೆಯ ಪಕ್ಕದಲ್ಲೇ ಕೂತು ಶ್ರುತಿ ಮಾಡಿಕೊಂಡೆ. ಭೈರವಿಯ ಮೊದಲ ಸ್ವರ ಹಚ್ಚಿದೆ. ಅವರು ಕಣ್ಣು ಮುಚ್ಚಿದರು.

ಜಗುಲಿಗೆ ಭೈರವಿ ಕೇಳಿಸಿತು. ಯಾರೋ "ಅಯ್ಯೋ, ಭೈರವಿ ಆಯ್ತು, ಹೋದ್ರು!" ಎಂದು ಗೋಳಾಡಿದರು. ನೆಂಟರೊಬ್ಬರು ಫೋನಿನಲ್ಲಿ ಊರಿಗೆ ಸುದ್ದಿ ಹೇಳಲು ಶುರು ಮಾಡಿದರು. ಮಾಸ್ತರ ಭಾವ ತುಳಸಿ ನೀರಿನ ಲೋಟ ಹಿಡಿದು ಒಳಗೆ ಓಡಿ ಬಂದರು. ಹಿಂದೆ ಎಲ್ಲರೂ.

ಮಾಸ್ತರು ಕಣ್ಣು ತೆರೆದರು.

"ಕೂತ್ಕಣಿ ಎಲ್ಲರೂ. ಇವಳ ಭೈರವಿ ಶುರು ಮಾಡೂದಕ್ಕೆ. ಮುಂದೆ ಕೇಳೂದದೆ."

ಎಲ್ಲರೂ ಕೂತರು. ಭಾವ ಏನು ಮಾಡಬೇಕೆಂದು ತಿಳಿಯದೆ ತುಳಸಿ ನೀರನ್ನು ತಾವೇ ಕುಡಿದರು. ನಾನು ಕಡೆಯವರೆಗೂ ನುಡಿಸಿದೆ. ಮಾಸ್ತರು "ಅಡ್ಡಿಲ್ಲ" ಎಂದರು.

ಮಳೆಗಾಲದಲ್ಲಿ ಅವರು ನಿಜಕ್ಕೂ ಹೋದರು. ಹನ್ನೆರಡರ ದಿನ ಅದೇ ಜಗುಲಿಯಲ್ಲಿ ಅದನ್ನೇ ನುಡಿಸಿದೆ. ಭೈರವಿಗೆ ಒಬ್ಬರೂ ಏಳಲಿಲ್ಲ. ರಚನೆ ಮುಗಿಯಿತು, ಕಮಾನು ಕೆಳಗಿಟ್ಟೆ. ಆಗಲೂ ಒಬ್ಬರೂ ಏಳಲಿಲ್ಲ. ಮಾಸ್ತರು ಕೂರಲು ಹೇಳಿದ್ದರು, ಏಳಲು ಯಾರೂ ಹೇಳಿರಲಿಲ್ಲ. ಒಳಗೆ ಎಲೆ ಹಾಕಿಯಾಗಿತ್ತು, ಅನ್ನ ಆರುತ್ತಿತ್ತು.

ಅಮ್ಮ ಬಾಗಿಲಿಗೆ ಬಂದು ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು: "ತಂಗಿ, ಅವರ ಹಳೇ ಭೈರವಿ ಒಂಚೂರು ನುಡಿಸೇ. ಇವರೆಲ್ಲ ಊಟಕ್ಕೆ ಏಳ್ಬೇಕಲ್ಲ."

ನುಡಿಸಿದೆ. ಎಲ್ಲರೂ ಎದ್ದರು.