ಏಳೂವರೆ ಬಸ್ಸಿನ ಮೇಲ್ಮನವಿ

ಜನ ಹತ್ತುವುದಿಲ್ಲವೆಂದು ಹುಣಸೇಕೊಪ್ಪಲಿನಿಂದ ಕೆ.ಆರ್.ಎಸ್. ಮೇಲೆ ಮೈಸೂರಿಗೆ ಹೋಗುವ ಬೆಳಗಿನ ಏಳೂವರೆ ಬಸ್ಸನ್ನು ಡಿಪೊದವರು ನಿಲ್ಲಿಸಿಬಿಟ್ಟರು. ಅವರ ಮಾತು ಪೂರ್ತಿ ಸುಳ್ಳೇನಲ್ಲ. ದಿನವೂ ತಪ್ಪದೆ ಹತ್ತುತ್ತಿದ್ದವನು ಮಂಚಯ್ಯ ಒಬ್ಬನೇ. ಕೆ.ಆರ್.ಎಸ್.ನ ಹೋಟೆಲೊಂದರಲ್ಲಿ ದೋಸೆ ಹಾಕುವ ಅವನಿಗೆ ಬೈಕು ಓಡಿಸಲು ಬರದು. ಬಸ್ಸು ನಿಂತ ಮೇಲೆ ಅವರಿವರ ಬೈಕಿನ ಹಿಂದೆ ಕೂತು ತಡವಾಗಿ ಹೋಗುತ್ತಿದ್ದ. “ಇನ್ನೊಂದ್ ದಿನ ಲೇಟಾದ್ರೆ ಬೇರೆಯವ್ನ್ನ ನೋಡ್ಕತೀನಿ” ಎಂದು ಮಾಲೀಕರು ಹೇಳಿಯಾಗಿತ್ತು.

ಪಾಪ, ಕಂಡಕಂಡವರ ಹತ್ತಿರ ಅಲವತ್ತುಕೊಂಡ. ಹುಣಸೇಕೊಪ್ಪಲು, ಪಕ್ಕದ ಕಟ್ಟೇಹಳ್ಳಿ ಎರಡೂ ಪಂಚಾಯ್ತಿಗಳು ಸೇರಿ ಮೇಲ್ಮನವಿ ಹಾಕಿದವು. ಸೋಮವಾರ ಒಂದು ದಿನ ಬಸ್ಸು ಬಿಟ್ಟು, ಅದರಲ್ಲಿ ತಾವೇ ಬಂದು, ಎಷ್ಟು ಜನ ಹತ್ತುತ್ತಾರೆಂದು ನೋಡಿ ತೀರ್ಮಾನಿಸುವುದಾಗಿ ಅಧಿಕಾರಿ ತಿಳಿಸಿದರು.

ಸೋಮವಾರ ಮಂಚಯ್ಯ ಊಟದ ಡಬ್ಬಿ ಹಿಡಿದು ಸ್ಟಾಪಿಗೆ ಬಂದರೆ ಅಲ್ಲಿ ಶಾಮಿಯಾನ, ಮೈಕು, ವಾಲಗ. ಎರಡೂ ಊರಿನ ಜನ ಮದುವೆಗೆ ಬಂದಂತೆ ಸೇರಿದ್ದರು.

“ಇದೆಲ್ಲ ಯಾಕಣ್ಣ? ಸುಮ್ಕೆ ಬಸ್ ಹತ್ತುದ್ರೆ ಸಾಕಲ್ವಾ?” ಎಂದ.

“ಸುಮ್ನಿರ್ಲಾ,” ಎಂದರು ಹುಣಸೇಕೊಪ್ಪಲಿನ ಅಧ್ಯಕ್ಷ ಬೋರಯ್ಯ. “ಸಾಯೇಬ್ರು ಮೊದ್ಲ ಸಲ ಊರ್ಗ್ ಬತ್ತಾವ್ರೆ. ಬರಿಗೈಲಿ ಕಳ್ಸಕ್ಕಾಯ್ತದಾ?”

ಬಸ್ಸು ಬಂತು. ಅಧಿಕಾರಿಗೆ ಮೈಸೂರು ಪೇಟ, ಶಾಲು. ಡ್ರೈವರಿಗೆ, ಕಂಡಕ್ಟರಿಗೆ, ಕೊನೆಗೆ ಬಸ್ಸಿಗೂ ಹಾರ. ಕಟ್ಟೇಹಳ್ಳಿಯ ಅಧ್ಯಕ್ಷೆ ಪ್ರಮೀಳಾ ಭಾಷಣ ಮಾಡಿದರು. ತಮ್ಮದು ಅದಕ್ಕಿಂತ ಚಿಕ್ಕದಾದರೆ ಊರಿನ ಮರ್ಯಾದೆ ಏನಾಗಬೇಕು ಎಂದು ಬೋರಯ್ಯ ಇನ್ನೂ ಉದ್ದಕ್ಕೆ ಮಾಡಿದರು. ಮಂಚಯ್ಯ ಮೆಲ್ಲಗೆ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಪ್ರಮೀಳಾ ಅವನ ಅಂಗಿ ಹಿಡಿದೆಳೆದರು.

“ಎಲ್ಲೋಯ್ತೀಯ ಮಂಚಣ್ಣ? ವಂದನಾರ್ಪಣೆ ನಿಂದೇ. ಬಸ್ ಬೇಕು ಅಂದೋನು ನೀನೇ ಅಲ್ವಾ?”

“ಬಸ್ಸು ಒಂಟೋಯ್ತದೆ ಕಣಕ್ಕ.”

“ನಿನ್ ಬುಟ್ಟು ಎಲ್ಲೋದದು?”

ಮಂಚಯ್ಯ ಮೈಕು ಹಿಡಿದ. ಅಧಿಕಾರಿಗೆ, ಡ್ರೈವರಿಗೆ, ವಾಲಗದವರಿಗೆ ವಂದನೆ ಹೇಳಿ ಮುಗಿಸುವಷ್ಟರಲ್ಲಿ ಬೋರಯ್ಯ ಕಿವಿಯಲ್ಲಿ, “ಶಾಮಿಯಾನದ ಧರ್ಮೇಂದ್ರನ ಎಸ್ರು ಬುಟ್ಬುಟ್ಟೆ ಕಣ್ಲಾ” ಎಂದರು. ಅದನ್ನೂ ಹೇಳಿದ. ಅಷ್ಟರಲ್ಲಿ ಅಧಿಕಾರಿ ಗಡಿಯಾರ ನೋಡಿಕೊಂಡು ಬಸ್ಸು ಹತ್ತಿದರು. “ಬರೋರು ಬನ್ನಿ” ಎಂದು ಕಂಡಕ್ಟರ್ ಎರಡು ಸಲ ಕೂಗಿದ. ಜನರೆಲ್ಲ ಭಕ್ತಿಯಿಂದ ಕೈಮುಗಿದರು. ಮಂಚಯ್ಯ ಮೈಕು ಬಿಟ್ಟು ಅವರ ನಡುವೆ ನುಗ್ಗಿ ಬರುವಷ್ಟರಲ್ಲಿ ಬಸ್ಸು ಹೊರಟಿತು.

ಧೂಳು ಇಳಿದ ಮೇಲೆ ಮಂಚಯ್ಯ ಸುತ್ತ ನೋಡಿದ. ಎರಡೂ ಊರು ಅಲ್ಲೇ ನಿಂತಿದ್ದವು.

“ಯಾರೂ ಹತ್ತುನಿಲ್ವಾ?”

“ನಾವೆಲ್ಲ ಸಾಯೇಬ್ರನ್ನ ಕಳ್ಸಕ್ ಬಂದಿದ್ದು ಕಣ್ಲಾ,” ಎಂದರು ಬೋರಯ್ಯ. “ಹತ್ತೋನು ನೀನು. ನೀನ್ಯಾಕ್ ಇಲ್ಲೇ ನಿಂತ್ಕಂಡೆ?”

ಮಧ್ಯಾಹ್ನಕ್ಕೆ ಹೋಟೆಲಿನಿಂದ ಫೋನು ಬಂತು, ನಾಳೆಯಿಂದ ಬರುವುದು ಬೇಡ. ಸಂಜೆಗೆ ಡಿಪೊದಿಂದಲೂ ಬಂತು, ಒಬ್ಬರೂ ಹತ್ತದ ಕಾರಣ ಮೇಲ್ಮನವಿ ವಜಾ.

ಇಷ್ಟು ಜನರನ್ನು ಕಣ್ಣಾರೆ ಕಂಡೂ ಹೀಗೆ ಮಾಡುವುದೇ ಎಂದು ಎರಡೂ ಪಂಚಾಯ್ತಿಗಳು ಕೆಂಡವಾದವು. ತುರ್ತು ಸಭೆ ಸೇರಿ, ಮೈಸೂರಿನ ದೊಡ್ಡ ಅಧಿಕಾರಿಗೆ ಮತ್ತೊಂದು ಮೇಲ್ಮನವಿ ಕೊಡುವುದೆಂದು ತೀರ್ಮಾನಿಸಿದವು. ಹೇಗೂ ಕೆಲಸವಿಲ್ಲವಲ್ಲ, ಮಂಚಯ್ಯನೇ ತೆಗೆದುಕೊಂಡು ಹೋಗಲಿ ಎಂದು ಎಲ್ಲರೂ ಒಮ್ಮತದಿಂದ ಕೈಯೆತ್ತಿದರು.

“ಅಷ್ಟ್ ದೂರ ಎಂಗೋಗ್ಲಣ್ಣ?” ಎಂದ ಮಂಚಯ್ಯ.

ಬೋರಯ್ಯ ಅವನ ಬೆನ್ನು ತಟ್ಟಿದರು.

“ಏಳೂವರೆ ಬಸ್ಸಿಗ್ ಒಂಟೋಗ್ಬುಡ್ಲಾ. ಬಿಸ್ಲು ಏರಕ್ ಮುಂಚೆ ಮೈಸೂರ್ ಸೇರ್ಕತೀಯ.”