ನಡುಗಡ್ಡೆಗೆ ಮೊಪೆಡ್ ಸಹಲು

ಆರು ಮೊಪೆಡ್‌ಗಳು ಒಂದರ ಹಿಂದೆ ಒಂದು ರಸ್ತೆಗಿಳಿದವೆಂದರೆ ಏನಾದರೊಂದು ಆಗಿಯೇ ತೀರುತ್ತಿತ್ತು. ನಾನು ಎಲ್ಲರಿಗಿಂತ ಮುಂದೆ ಇರುತ್ತಿದ್ದೆ, ನನ್ನ ಬೆನ್ನಿಗೆ ಕಣ್ಣಿರಲಿಲ್ಲ. ಹಾಗಾಗಿ ಆಗಬಾರದ್ದೆಲ್ಲ ಆಗಿ ಮುಗಿದ ಮೇಲೆಯೇ ಪ್ರತಿ ಸಲ ನನಗೆ ಗೊತ್ತಾಗುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಗದಗದ ಮೊಪೆಡ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಅಂಗಡಿಯ ಸಾವ್ಕಾರರು ಮುಂಡರಗಿ ಕಡೆಯವರು, ನಮ್ಮೂರಿನವರೇ. ಒಂದೇ ಊರಿನ ಹುಡುಗ ಅಂತ ಇಟ್ಟುಕೊಂಡಿದ್ದರು, ಆದರೆ ಕಾಯಂ ಮಾಡಿರಲಿಲ್ಲ. ಅದೇ ಫಜೀತಿ. ಶಿರಹಟ್ಟಿಯಲ್ಲಿ ನನ್ನ ಸೋದರಮಾವನಿದ್ದ, ಅವನಿಗೊಬ್ಬಳು ಮಗಳಿದ್ದಳು. ಸಣ್ಣಂದಿನಿಂದಲೂ ನನಗೆ ಅವಳೆಂದರೆ ಜೀವ. ಅವಳಿಗೆ ನಾನೆಂದರೆ ಏನು ಅಂತ ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಮಾವ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ: “ನೌಕರಿ ಕಾಯಂ ಆಗಲಿ, ಅಕ್ಕಿಕಾಳ ಹಾಕ್ಸೋಣಂತ. ಹಂಗಾಮಿ ಅಳಿಯಾ ನನಗ ಬ್ಯಾಡ.”

ಅಂಗಡಿಗೆ ಮಂದಿ ಬರುತ್ತಿದ್ದರು. ಗಾಡಿ ನೋಡುತ್ತಿದ್ದರು, ಮುಟ್ಟುತ್ತಿದ್ದರು, ನಾಲ್ಕು ಸಲ ಹಾರ್ನ್ ಬಾರಿಸಿ ಮನೆಗೆ ಹೋಗುತ್ತಿದ್ದರು. ಕೊಳ್ಳಲು ಮಾತ್ರ ಅಂಜಿಕೆ. ಆ ಅಂಜಿಕೆ ಬಿಡಿಸಲು ಸಾವ್ಕಾರರು ಒಂದು ಯುಕ್ತಿ ಮಾಡಿದರು. ರವಿವಾರಕ್ಕೊಮ್ಮೆ ಗಿರಾಕಿಗಳನ್ನು ಮೊಪೆಡ್ ಮೇಲೆ ಸಹಲಿಗೆ, ಅಂದರೆ ಒಂದು ದಿನದ ತಿರುಗಾಟಕ್ಕೆ, ಕಳಿಸುವುದು. ಡಂಬಳ ದಾಟಿ ಮುಂಡರಗಿ, ಅಲ್ಲಿಂದ ಹೊಳೆಗೆ. ಚಳಿಗಾಲ ಕಳೆದರೆ ತುಂಗಭದ್ರೆಯಲ್ಲಿ ನೀರಿಳಿದು ಒಂದು ನಡುಗಡ್ಡೆ ಎದ್ದು ನಿಲ್ಲುತ್ತಿತ್ತು. ಪಾದ ಮುಳುಗುವಷ್ಟು ನೀರು ದಾಟಿ ಅದರ ಮೇಲೆ ಗಾಡಿ ಓಡಿಸಿ, ರೊಟ್ಟಿ ಬುತ್ತಿ ಉಂಡು, ಸಂಜೆಯೊಳಗೆ ವಾಪಸ್ಸು. ದಾರಿ ತೋರಿಸುವವನು ನಾನು.

“ಯುಗಾದಿತನಾ ಒಬ್ಬರಿಗೂ ಪೆಟ್ಟಾಗದಂಗ ನಡಿಸಿದಿ ಅಂದ್ರ ನಿನ್ನ ಕಾಯಂ ಮಾಡ್ತೀನಿ” ಅಂದರು ಸಾವ್ಕಾರರು. ಆಮೇಲೆ ಅಂಗಡಿಯ ಮುಂದೆ ಒಂದು ಬೋರ್ಡು ಬರೆಸಿ ಹಾಕಿದರು: “ಸಹಲಿನಲ್ಲಿ ಮುಂದಿನವನು ಮಾಡಿದ್ದನ್ನು ಹಿಂದಿನವರು ಮಾಡತಕ್ಕದ್ದು. ಯಾಕೆಂದು ಕೇಳತಕ್ಕದ್ದಲ್ಲ.”

ನನ್ನ ತಾಪತ್ರಯಗಳೆಲ್ಲ ಶುರುವಾದದ್ದು ಆ ಬೋರ್ಡಿನಿಂದ.

೧. ಗುಂಗಾಡು

ಮೊದಲನೇ ಸಹಲು. ಕೈ ಸನ್ನೆಗಳನ್ನು ಎಲ್ಲರಿಗೂ ಕಲಿಸಿದ್ದೆ. ಬಲಗೈ ಮೇಲೆತ್ತಿದರೆ ನಿಲ್ಲಬೇಕು, ಕೆಳಗೆ ಆಡಿಸಿದರೆ ಸಾವಕಾಶ. ಗಿರಾಕಿಗಳು ಪರೀಕ್ಷೆಗೆ ಕೂತವರ ಹಾಗೆ ನನ್ನನ್ನೇ ನೋಡುತ್ತ ಬರುತ್ತಿದ್ದರು.

ಡಂಬಳದ ಕೆರೆ ಹತ್ತಿರವಾದಾಗ ಗುಂಗಾಡು ಹುಳುಗಳ ಹಿಂಡೊಂದು ಬಂದು ನನ್ನ ಮುಖಕ್ಕೆ ಮುತ್ತಿಕೊಂಡಿತು. ಕಣ್ಣಲ್ಲಿ, ಮೂಗಲ್ಲಿ, ಕಿವಿಯಲ್ಲಿ. ಬಲಗೈಯನ್ನು ತಲೆಯ ಸುತ್ತ ಗರಗರ ತಿರುಗಿಸಿದೆ. ಒಂದು ಬಾಯಿಗೇ ಹೊಕ್ಕಿತು, ಎಡಕ್ಕೆ ತಿರುಗಿ ಥೂ ಥೂ ಅಂತ ಎರಡು ಸಲ ಉಗುಳಿದೆ. ಸಾಲದ್ದಕ್ಕೆ ನನ್ನ ಕೆನ್ನೆಗೆ ನಾನೇ ಪಟಾರನೆ ಹೊಡೆದುಕೊಂಡೆ.

ರಸ್ತೆಯ ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನೇ ಬಾಯಿ ಬಿಟ್ಟು ನೋಡುತ್ತಿದ್ದಳು. ಅನುಮಾನ ಬಂದು ಹಿಂದಿರುಗಿ ನೋಡಿದೆ. ಐದೂ ಜನ ತಲೆಯ ಸುತ್ತ ಕೈ ತಿರುಗಿಸಿ, ಎಡಕ್ಕೆ ಎರಡು ಸಲ ಉಗುಳಿ, ತಮ್ಮ ತಮ್ಮ ಕೆನ್ನೆಗೆ ಪಟಪಟ ಹೊಡೆದುಕೊಳ್ಳುತ್ತಿದ್ದರು. ಅವರ ಹತ್ತಿರ ಒಂದು ಗುಂಗಾಡೂ ಇರಲಿಲ್ಲ.

ಮುದುಕಿ ಪಕ್ಕದವಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಕೈ ಮುಗಿಯವಾ, ಯಾವ್ದೋ ದೇವರಿಗೆ ತಪ್ಪಗಾಣಿಕಿ ಕೊಡಾಕ ಹೊಂಟಾರ. ಭಾಳ ದೊಡ್ಡ ತಪ್ಪ ಮಾಡಿರಬೇಕು.”

೨. ಟೇಲರ್ ಚಾಚಾ

ಬೆಟಗೇರಿಯಲ್ಲಿ ಒಬ್ಬ ಟೇಲರ್ ಚಾಚಾ ಇದ್ದರು. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಸಹಲಿಗೆ ಬಂದರು. ಆಗಿನ ಮೊಪೆಡ್‌ಗಳನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಡಲು ತುಳಿದು ಚಾಲೂ ಮಾಡಬೇಕಿತ್ತು. ಚಾಲೂ ಆದ ಮೇಲೆ ಮುಂದಕ್ಕೆ ನೂಕಿದರೆ ಗಾಡಿ ಸ್ಟ್ಯಾಂಡಿನಿಂದ ಇಳಿಯುತ್ತಿತ್ತು. ತುಳಿಯುವುದನ್ನು ಎಲ್ಲರಿಗೂ ಚೆನ್ನಾಗಿ ಹೇಳಿಕೊಟ್ಟೆ. ನೂಕುವುದನ್ನು ಯಾರಿಗಾದರೂ ಹೇಳಬೇಕೆ ಅಂತ ಬಿಟ್ಟೆ. ಎಲ್ಲ ಗಾಡಿಗಳೂ ಚಾಲೂ ಆದವು, ನಾನು ಹೊರಟೇಬಿಟ್ಟೆ.

ಡಂಬಳದಲ್ಲಿ ನಿಂತು ಎಣಿಸಿದರೆ ಒಂದು ಗಾಡಿ ಕಡಿಮೆ. ಚಾಚಾ ಇಲ್ಲ! ಉಳಿದವರನ್ನು ಗುಡಿಯ ನೆರಳಿಗೆ ಕೂರಿಸಿ ವಾಪಸ್ಸು ಹೊರಟೆ. ದಾರಿಯ ಎರಡೂ ಕಡೆಯ ತಗ್ಗುಗಳಲ್ಲಿ ಇಣುಕುತ್ತ, ಚಾಚಾ ಚಾಚಾ ಅಂತ ಕೂಗುತ್ತ ಬಂದೆ. ಒಂದೊಂದು ತಗ್ಗು ಇಣುಕಿದಾಗಲೂ ಮಾವನ ಮಗಳು ನನ್ನಿಂದ ಒಂದೊಂದು ಮೈಲಿ ದೂರವಾದಂತೆ ಅನಿಸುತ್ತಿತ್ತು.

ಗದಗ ಮುಟ್ಟಿದೆ. ಅಂಗಡಿಯ ಮುಂದೆಯೇ ಚಾಚಾ ಮೊಪೆಡ್ ಮೇಲೆ ನೆಟ್ಟಗೆ ಕೂತಿದ್ದರು. ಗಾಡಿ ಸ್ಟ್ಯಾಂಡಿನ ಮೇಲೆಯೇ ಇತ್ತು. ಹಿಂದಿನ ಗಾಲಿ ಗಾಳಿಯಲ್ಲಿ ಭರ್ರೆಂದು ತಿರುಗುತ್ತಿತ್ತು.

“ಚಾಚಾ, ಗಾಡಿ ಮುಂದ ಹೋಗವಲ್ದು ಅಂತ ನಿಮಗ ಅನಸಲಿಲ್ಲೇನ್ರಿ?”

“ಮೂವತ್ತ ವರ್ಷ ಮಶಿನ್ ತುಳದೀನಿ ಬೇಟಾ. ಒಮ್ಮಿರ ಮುಂದ ಹೋಗೇತೇನು?”

“ನಾವೆಲ್ಲಾ ಹೋಗಿದ್ದು ಕಾಣಲಿಲ್ಲೇನ್ರಿ?”

“ಕಾಣದೇನು? ನೀವು ಹುಡುಗ್ರು ಭಾಳ ಜೋರ ಹೊಂಟ್ರಿ. ನಾ ಸಾವಕಾಶ ಬಂದ್ರಾತು ಅಂತ ಸುಮ್ಮನಾದೆ.”

ಮರುದಿನವೇ ಚಾಚಾ ಆ ಮೊಪೆಡ್ ಕೊಂಡರು. ಎರಡು ತಾಸು ಓಡಿಸಿದರೂ ಬೀಳದ ಇಂಥ ಗಾಡಿ ಬೇರೆ ಇಲ್ಲವೆಂದು ಬೆಟಗೇರಿಯ ತುಂಬ ಹೇಳಿಕೊಂಡು ಬಂದರು.

೩. ಸೋಮವಾರ

ಹೊಂಬಳದ ಗೌಡರೊಬ್ಬರು ಸಹಲಿಗೆ ಬಂದು ಗಾಡಿ ಮೆಚ್ಚಿ ಕೊಂಡಿದ್ದರು. ಒಳ್ಳೆಯ ಒಕ್ಕಲುತನದ ಮನೆ, ದಯಾಳು ಮನುಷ್ಯ. ಏರು ಬಂದರೆ ಗಾಡಿಯಿಂದ ಇಳಿದು ಅದರ ಜೊತೆಗೆ ನಡೆಯುತ್ತಿದ್ದರು. ಯಾಕ್ರೀ ಅಂದರೆ “ಏರಿನ್ಯಾಗೂ ಮ್ಯಾಲೆ ಕುಂಡ್ರೂದು ಪಾಪ ಅಲ್ಲೇನಪಾ” ಅನ್ನುತ್ತಿದ್ದರು.

ಒಂದು ದಿನ ಮಧ್ಯಾಹ್ನ ಬೆವರು ಸುರಿಸುತ್ತ ಮೊಪೆಡ್ಡನ್ನು ಹೊಂಬಳದಿಂದ ಕೈಯಲ್ಲೇ ನೂಕಿಕೊಂಡು ಅಂಗಡಿಗೆ ಬಂದರು. ಅವತ್ತು ಮಾವನೂ ಅಂಗಡಿಯಲ್ಲೇ ಕೂತಿದ್ದ. ಯಾವುದೋ ಸಂತೆಗೆ ಬಂದವನು “ಕಾಯಂ ಆತೇನೊ?” ಅಂತ ವಿಚಾರಿಸಲು ಒಳಗೆ ಹಣಿಕಿದ್ದ.

“ಪೆಟ್ರೋಲ್ ತೀರೇತೇನ್ರಿ ಗೌಡ್ರ?”

“ತುಂಬ ಐತಿ.”

“ಮತ್ತ ಎಂಜಿನ್ ಕೆಟ್ಟೈತೇನ್ರಿ?”

“ಬ್ರೇಕ್ ಒಂದ ಸ್ವಲ್ಪ ಸಡಲ ಆಗೇತಿ. ಉಳದದ್ದು ಛಲೋ ಐತಿ.”

“ಹಂಗಾರ ಹತ್ತಿಕೊಂಡ ಬರೂದಲ್ಲೇನ್ರಿ?”

ಗೌಡರು ನನ್ನನ್ನು ತಿಳಿಗೇಡಿಯ ಹಾಗೆ ನೋಡಿದರು. “ಇವತ್ತ ಸೋಮವಾರ. ಸೋಮವಾರ ಎತ್ತ ಹೂಡ್ತಾರೇನು ಯಾರರ?”

“ಇದು ಎತ್ತಲ್ರೀ ಗೌಡ್ರ.”

“ಎತ್ತಿನ ಕೆಲಸಾ ಮಾಡತೈತಿಲ್ಲ?”

ಹಾಗಾದರೆ ಮಂಗಳವಾರ ಬಂದಿದ್ದರೆ ಆಗುತ್ತಿತ್ತಲ್ಲ ಅಂದೆ.

“ಮಂಗಳವಾರ ಇದಕ್ಕ ಹೊಲದಾಗ ಕೆಲಸ ಐತಿ” ಅಂದರು ಗೌಡರು. “ರಜಾ ಇದ್ದಾಗನ ದವಾಖಾನಿಗೆ ಕರಕೊಂಡ ಬರಬೇಕು.”

ಮಾವ ಗೌಡರನ್ನು ಬಹಳ ಮೆಚ್ಚುಗೆಯಿಂದ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ನೋಡಲೇ, ಅವರ ಗಾಡಿ ಸೈತ ಕಾಯಂ ಐತಿ” ಅಂದ.

೪. ಎರಡೂ ಕೈ

ಯುಗಾದಿಯ ಹಿಂದಿನ ರವಿವಾರ ಬಂತು. ಕೊನೆಯ ಸಹಲು. ಅಲ್ಲಿಯವರೆಗೆ ಯಾರಿಗೂ ಪೆಟ್ಟಾಗಿರಲಿಲ್ಲ. ಇದೊಂದು ದಾಟಿದರೆ ನೌಕರಿ ಕಾಯಂ, ಮದುವೆ ಕಾಯಂ. ಹಾಗಂತ ರಾತ್ರಿಯೆಲ್ಲ ಲೆಕ್ಕ ಹಾಕಿದ್ದೆ.

ಮುಂಜಾನೆ ನೋಡಿದರೆ ಸಾವ್ಕಾರರೇ ಬುತ್ತಿ ಹಿಡಿದು ಹೊರಟು ನಿಂತಿದ್ದಾರೆ. ಅವರ ಹಿಂದಿನ ಸೀಟಿನಲ್ಲಿ ಹೊಸ ರುಂಬಾಲು ಸುತ್ತಿಕೊಂಡು ನನ್ನ ಮಾವ! “ನೀ ಮಾಡೂ ಕೆಲಸಾ ಒಮ್ಮಿ ಕಣ್ಣಿಲೆ ನೋಡಬೇಕಂತ ಬಂದೆ” ಅಂದ. ಅವರ ಹಿಂದೆ ಟೇಲರ್ ಚಾಚಾ, ಹೊಂಬಳದ ಗೌಡರು, ಕೊನೆಗೆ ಬ್ಯಾಂಕಿನ ಇಬ್ಬರು ಗುಮಾಸ್ತರು. ಚಾಚಾ ಈ ಸಲ ಸ್ಟ್ಯಾಂಡಿನಿಂದ ಇಳಿದರೋ ಇಲ್ಲವೋ ಅಂತ ನಾನು ಬಗ್ಗಿ ನೋಡಿಯೇ ಹೊರಟೆ.

ದಾರಿಯುದ್ದಕ್ಕೂ ನಾನು ಕೆಮ್ಮಲಿಲ್ಲ, ಸೀನಲಿಲ್ಲ, ಗುಂಗಾಡು ಬಂದರೆ ನುಂಗಿಕೊಂಡೆ. ಹೊಳೆ ಬಂತು. ನೀರಿನ ಕೆಳಗೆ ಗಟ್ಟಿ ಮರಳು. ಸಾವಕಾಶವಾಗಿ ಇಳಿಸಿದೆ. ಹಿಂದೆ ಐದೂ ಗಾಡಿಗಳು ಇಳಿದ ಸಪ್ಪಳ ಕೇಳಿತು. ಅರ್ಧ ದಾಟಿ ತಲೆಯೆತ್ತಿದೆ.

ಎದುರಿಗೆ ನಡುಗಡ್ಡೆಯ ದಂಡೆಯ ಮೇಲೆ, ಬಿಳಿ ಧೋತರ, ಕರಿ ಟೊಪ್ಪಿಗೆ, ಕಂಕುಳಲ್ಲೊಂದು ಕಲ್ಲಂಗಡಿ ಹಣ್ಣು ಹಿಡಿದು, ನಮ್ಮೂರ ಕನ್ನಡ ಶಾಲೆಯ ಮಾಸ್ತರರು ನಿಂತಿದ್ದರು. ನಿವೃತ್ತರಾದ ಮೇಲೆ ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಹಾಕಿದ್ದಾರೆಂದು ಕೇಳಿದ್ದೆ, ಪ್ರತಿ ರವಿವಾರ ಇಲ್ಲಿ ನೋಡುತ್ತಿದ್ದ ಬಳ್ಳಿಗಳು ಅವರವೇ ಎಂದು ಗೊತ್ತಿರಲಿಲ್ಲ.

ಮಾಸ್ತರರು ನಮಗೆ ಮಗ್ಗಿಗಿಂತ ಮೊದಲು ಕಲಿಸಿದ್ದು ನಮಸ್ಕಾರ. ಹಿರಿಯರು ಎಲ್ಲಿ ಕಂಡರೂ ಎರಡೂ ಕೈ ಜೋಡಿಸಬೇಕು. ಒಂದೇ ಕೈ ಎತ್ತಿದವನ ಕಿವಿ ಹಿಂಡಿ ಕೇಳುತ್ತಿದ್ದರು: “ಇನ್ನೊಂದ ಕೈ ಎಲ್ಲಿ ಕಳುವ ಮಾಡಾಕ ಹೋಗೇತಿ?” ಹತ್ತು ವರ್ಷ ಕಳೆದಿದ್ದರೂ ಕಿವಿ ಮರೆತಿರಲಿಲ್ಲ. ಯೋಚನೆ ಮಾಡುವ ಮೊದಲೇ ನನ್ನ ಎರಡೂ ಕೈ ಹ್ಯಾಂಡಲ್ ಬಿಟ್ಟು ಎದೆಯ ಹತ್ತಿರ ಬಂದು ಜೋಡಿಸಿಕೊಂಡವು.

ಮೊಪೆಡ್ ಒಂದು ಕಡೆ ಹೋಯಿತು, ನಾನೊಂದು ಕಡೆ ಹೋದೆ. ನೀರಿನಲ್ಲಿ ಕೂತಿದ್ದಾಗಲೂ ಕೈ ಮುಗಿದೇ ಇದ್ದೆ.

ಆಮೇಲೆ ಬೋರ್ಡಿನ ನೆನಪಾಯಿತು. ಹಿಂದಿರುಗಿ “ಬ್ಯಾಡ್ರೀ!” ಅಂತ ಒದರುವಷ್ಟರಲ್ಲಿ ಸಾವ್ಕಾರರು ತಾವೇ ಬರೆಸಿದ ನಿಯಮದ ಪ್ರಕಾರ ಎರಡೂ ಕೈ ಬಿಟ್ಟು ಮುಗಿದಾಗಿತ್ತು. ಅವರೂ ಮಾವನೂ ಒಟ್ಟಿಗೆ ಬಿದ್ದರು. ಚಾಚಾ ಮುಗಿದರು, ಬಿದ್ದರು. ಗೌಡರು ಮುಗಿದರು, ಬಿದ್ದರು. ಗುಮಾಸ್ತರಿಬ್ಬರು ಸರದಿ ತಪ್ಪಿಸದೆ ಒಬ್ಬರಾದ ಮೇಲೆ ಒಬ್ಬರು ಬಿದ್ದರು. ಒಬ್ಬರೂ ಯಾಕೆಂದು ಕೇಳಲಿಲ್ಲ.

ಗೌಡರು ಎದ್ದವರೇ ಮೊಪೆಡ್ಡಿನ ಮೈದಡವಿ “ಪೆಟ್ಟಾತೇನಪಾ?” ಅಂತ ವಿಚಾರಿಸುತ್ತಿದ್ದರು. “ಸ್ಟ್ಯಾಂಡಿನ ಮ್ಯಾಲೆ ಇದ್ದದ್ದನ ಛಲೋ ಇತ್ತು” ಅಂತ ಚಾಚಾ ಟೇಪು ಹಿಂಡಿಕೊಳ್ಳುತ್ತಿದ್ದರು. ಮಾವನ ಹೊಸ ರುಂಬಾಲು ಬಿಚ್ಚಿಕೊಂಡು ಉದ್ದಕ್ಕೆ ತೇಲಿ ಹೋಗುತ್ತಿತ್ತು. ನನ್ನ ಮದುವೆಯೂ ಅದರ ಜೊತೆಗೇ ಹೊರಟಿತು ಅನಿಸಿ ನನಗೆ ಅಳುವೇ ಬಂತು.

ಸಾವ್ಕಾರರು ಎದ್ದು ನಿಂತು ನನ್ನ ಕಡೆ ಬೆರಳು ತೋರಿಸಿ ಗುಡುಗಿದರು: “ಲೇ, ನಾಳಿಂದ ಅಂಗಡಿ ಕಡೆ ಮುಖಾ ತೋರಿಸಿದಿ ಅಂದ್ರ—”

“ಯಾರದು ಒದರಾಕತ್ತಿದ್ದು?” ದಂಡೆಯಿಂದ ದನಿ ಬಂತು. “ಬಟ್ಟು ಕೆಳಗಿಳಸು.”

ಸಾವ್ಕಾರರು ಆ ಕಡೆ ತಿರುಗಿದರು. ಬೆರಳು ಇಳಿಯಿತು. ಎರಡೂ ಕೈ ಜೋಡಿಸಿದರು. ಆಮೇಲೆ ಒಂದು ಕೈ ತಾನಾಗಿಯೇ ಹೋಗಿ ತಮ್ಮ ಕಿವಿ ಹಿಡಿದುಕೊಂಡಿತು.

“ನಾಕನೇ ಕ್ಲಾಸಿನ್ಯಾಗ ಎರಡ ಸಲ ಕುಂತಾಂವ ನೀನಲ್ಲೇನು?” ಅಂದರು ಮಾಸ್ತರರು.

“ಹೌದ್ರೀ ಮಾಸ್ತರ್ರ” ಅಂದರು ಗದಗದ ಸಾವ್ಕಾರರು.

“ಈ ಹುಡುಗ ನಾ ಕಲಿಸಿದ್ದನ್ನ ಮರತಿಲ್ಲ. ನಿನ್ನ ಕೈಯಾಗ ದುಡೀತಾನೇನು?”

“ದುಡೀತಾನ್ರೀ.”

ಅಷ್ಟರಲ್ಲಿ ಮಾವ ಸೊಂಟದ ಮಟ ನೀರಿನಲ್ಲಿ ಕೂತಲ್ಲಿಂದಲೇ ಕೂಗಿದ: “ಇನ್ನೂ ಕಾಯಂ ಮಾಡಿಲ್ರೀ ಮಾಸ್ತರ್ರ! ಹಂಗಾಮಿ ಇಟ್ಟಾರ!”

ಮಾಸ್ತರರು ಕಲ್ಲಂಗಡಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದರು, ಬಲಗೈ ಖಾಲಿಯಾಯಿತು.

“ಇವತ್ತಿನಿಂದ ಕಾಯಂ ರೀ” ಅಂದರು ಸಾವ್ಕಾರರು. ಕಿವಿ ಇನ್ನೂ ಬಿಟ್ಟಿರಲಿಲ್ಲ.

ಯಾರಿಗೂ ಪೆಟ್ಟಾಗಿರಲಿಲ್ಲ. ನಡುಗಡ್ಡೆಯ ಬಿಸಿಲಿನಲ್ಲಿ ಧೋತರ ಒಣಗಿಸಿಕೊಳ್ಳುತ್ತ ಮಾಸ್ತರರ ಕಲ್ಲಂಗಡಿ ತಿಂದೆವು. ಮೊಪೆಡ್‌ಗಳು ಮಾತ್ರ ಒಂದೂ ಚಾಲೂ ಆಗಲಿಲ್ಲ. ಊರಿಂದ ಎತ್ತಿನ ಗಾಡಿ ತರಿಸಿ ಅವನ್ನು ಹೇರಬೇಕಾಯಿತು. ಎಲ್ಲರೂ ಗೌಡರ ಮುಖ ನೋಡಿದೆವು. “ಹೂಡ್ರಿ, ಹೂಡ್ರಿ” ಅಂದರು ಗೌಡರು, “ಇವತ್ತ ರವಿವಾರ.”

ಯುಗಾದಿ ಕಳೆದ ಮೇಲೆ ಶಿರಹಟ್ಟಿಯಲ್ಲಿ ನನ್ನ ಮದುವೆಯಾಯಿತು. ಮೆರವಣಿಗೆಗೆ ಹೂವಿನಿಂದ ಸಿಂಗರಿಸಿದ ಹೊಸ ಮೊಪೆಡ್ ಕೊಡುತ್ತೇನೆಂದು ಸಾವ್ಕಾರರು ಮುಂದೆ ಬಂದರು. ಮಾವ ಸುತರಾಂ ಒಪ್ಪಲಿಲ್ಲ. “ದಾರಿ ತುಂಬ ಹಿರ್ಯಾರು ನಿಂತಿರತಾರ, ಹಿಂದ ನನ್ನ ಮಗಳು ಕುಂತಿರತಾಳ” ಅಂದು ಎತ್ತಿನ ಗಾಡಿ ಹೂಡಿಸಿದ.

ಗಾಡಿ ಪೇಟೆಯ ಮೂಲೆ ತಿರುಗಿತು. ಮಂದಿಯ ನಡುವೆ ಬಿಳಿ ಧೋತರ, ಕರಿ ಟೊಪ್ಪಿಗೆ. ಮಾಸ್ತರರು! ನನ್ನ ಎರಡೂ ಕೈ ಮತ್ತೆ ಎದೆಗೆ ಬಂದವು. ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಮದುಮಗಳು ಒಂದು ಕೈಯಿಂದ ಗಾಡಿಯ ಗೂಟವನ್ನೂ ಇನ್ನೊಂದು ಕೈಯಿಂದ ನನ್ನ ಶಲ್ಯವನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

“ನೀವು ಕೈ ಮುಗೀರಿ” ಅಂದಳು ಮೆಲ್ಲಗೆ, “ನಾ ಹಿಡಕೊಂಡೀನಿ.”