ಬಾದಾಮಿ ಮರದ ಕೆಳಗೆ ಒಂದು ಟವಲ್

ಪರಮಾನಂದನ ಜಾಗಕ್ಕೆ ಕೈ ಹಾಕುವ ಧೀರ ಈ ಉಡುಪಿ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ!

ಹೀಗೆಂದು ಘೋಷಿಸಿದ್ದು ನಾನೇ. ಘೋಷಣೆ ನಡೆದದ್ದು ಇಂದ್ರಾಳಿ ರೈಲ್ವೆ ಸ್ಟೇಷನ್ನಿನ ರಿಕ್ಷಾ ಸ್ಟ್ಯಾಂಡಿನಲ್ಲಿ. ಕೇಳಿದವರು ನನ್ನ ಜೊತೆಯ ಚಾಲಕರು, ಒಬ್ಬ ಚಹಾ ಮಾರುವವ ಮತ್ತು ರೈಲು ತಡವಾಗಿ ಬೇಸತ್ತು ಕೂತಿದ್ದ ಒಂದು ಕುಟುಂಬ. ಎಲ್ಲರೂ ತಲೆಯಾಡಿಸಿದರು. ಆ ಕುಟುಂಬದ ಅಜ್ಜಿ ಮಾತ್ರ "ಇವನಿಗೆ ಎಷ್ಟು ಎಕರೆ ಉಂಟಂತೆ?" ಎಂದು ಮಗನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು.

ಎಕರೆ ಎಲ್ಲಿಂದ ಬರಬೇಕು! ನನ್ನ ಜಾಗ ಅಂದರೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ನಾನು ಬಾಡಿಗೆಗಿರುವ ಮನೆಯ ಎದುರು, ಬಾದಾಮಿ ಮರದ ಕೆಳಗೆ, ಒಂದು ರಿಕ್ಷಾ ನಿಲ್ಲುವಷ್ಟು ನೆರಳು. ನಾನು ಹುನಗುಂದದ ಕಡೆಯವ. ಕೊಂಕಣ ರೈಲ್ವೆಯ ಹಳಿಗೆ ಜಲ್ಲಿ ಹೊರಲು ಬಂದವ ಹಳಿ ಮುಗಿದರೂ ಊರಿಗೆ ಮರಳಲಿಲ್ಲ. ರಿಕ್ಷಾ ಓಡಿಸುತ್ತ ಇಲ್ಲೇ ಉಳಿದೆ. ಮನೆ ಆಮಿನಮ್ಮನದು, ನೀರು ಅವರ ಬಾವಿಯದು, ನನ್ನ ಬಾಯಿಗೆ ಬರುವ 'ಉಂಟು', 'ಮಾರಾಯ' ಕೂಡ ಈ ಊರಿನದು. ನನ್ನದು ಅಂತ ಇದ್ದದ್ದು ಆ ನೆರಳು ಒಂದೇ. ಸಂಜೆ ರಿಕ್ಷಾವನ್ನು ಅದರ ಕೆಳಗೆ ತಂದು ನಿಲ್ಲಿಸಿದರೆ, ನನಗೂ ಇಲ್ಲಿ ಒಂದು ವಿಳಾಸ ಇದೆ ಅನಿಸುತ್ತಿತ್ತು.

ಆ ವಿಳಾಸದ ಎದುರು ಎರಡು ಸಾವಿರದ ಐದರಲ್ಲಿ 'ಶುಭಯಾನ' ಎಂಬ ನಾಲ್ಕು ಮಾಳಿಗೆಯ ಫ್ಲ್ಯಾಟು ಎದ್ದು ನಿಂತಿತು. "ಸ್ಟೇಷನ್ನಿಗೆ ನಡೆದೇ ಹೋಗಬಹುದು, ವಾಹನದ ಅಗತ್ಯವೇ ಇಲ್ಲ" ಎಂದು ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿದ್ದ ಬಿಲ್ಡರ್, ತನ್ನ ಮಾತನ್ನು ತಾನೇ ನಂಬಿಬಿಟ್ಟು, ಕಾರು ನಿಲ್ಲಿಸಲು ಅರ್ಧದಷ್ಟು ಮನೆಗಳಿಗೂ ಸಾಲದ ಜಾಗ ಬಿಟ್ಟಿದ್ದ. ಬಂದ ಜನ ಬೋರ್ಡು ಓದಿರಲಿಲ್ಲ! ಮನೆಗೊಂದು ಕಾರು, ಕಾರಿಗೊಂದು ಬೈಕು, ಬೈಕಿಗೊಂದು ಸ್ಕೂಟರು. ಒಳಗೆ ಹಿಡಿಸದ್ದೆಲ್ಲ ಓಣಿಗೆ ಉಕ್ಕಿತು. ಸಾಲದ್ದಕ್ಕೆ ಮುಂಬೈಗೆ ಮದುವೆಗೆ ಹೋಗುವವರೂ ನಮ್ಮ ಓಣಿಯನ್ನು ಕಂಡುಹಿಡಿದರು. ಕಾರ್ಕಳದಿಂದ ಕಾರಿನಲ್ಲಿ ಬಂದು, ಅದನ್ನು ಇಲ್ಲಿ ಬಿಟ್ಟು, ರೈಲು ಹತ್ತಿ, ಮದುವೆ ಮುಗಿಸಿ, ಹಾಗೇ ಶಿರಡಿಗೂ ಹೋಗಿ ಬರುತ್ತಿದ್ದರು!

ಒಂದು ಸಂಜೆ ಬಂದು ನೋಡುತ್ತೇನೆ, ಬಾದಾಮಿ ಮರದ ಕೆಳಗೆ ಬೆಳ್ಳಿ ಬಣ್ಣದ ಕಾರು. ರಿಕ್ಷಾವನ್ನು ದೊಡ್ಡ ರಸ್ತೆಯ ಮೋರಿಯ ಪಕ್ಕ ನಿಲ್ಲಿಸಿ ಮನೆಗೆ ಬಂದೆ. ಬಂದದ್ದು ಮೈ ಮಾತ್ರ, ಜೀವ ಮೋರಿಯ ಹತ್ತಿರವೇ ಉಳಿಯಿತು. ಊಟಕ್ಕೆ ಕೂತರೆ ಲಾರಿ ಬಂದು ಗುದ್ದಿದ ಹಾಗೆ, ನೀರು ಕುಡಿದರೆ ಬ್ಯಾಟರಿ ಯಾರೋ ಎತ್ತಿಕೊಂಡು ಹೋದ ಹಾಗೆ. ತುತ್ತಿಗೊಮ್ಮೆ ಎದ್ದು ಹೋಗಿ ನೋಡಿ ಬಂದೆ.

"ಏನ್ರೀ," ಎಂದಳು ನನ್ನ ಹೆಂಡತಿ ಭಾಗವ್ವ, "ಅದನ್ನೂ ಮನಿಗೆ ಕರ್ಕೊಂಡು ಬರ್ರಿ. ಇಬ್ರೂ ಒಂದ ತಾಟಿನ್ಯಾಗ ಉಣ್ಣುವಿರಂತ."

"ನಗಬ್ಯಾಡ! ನಾಳಿಂದ ನೋಡು, ಟವಲ್ ಹಾಕ್ತೀನಿ!"

ಟವಲ್ ವಿದ್ಯೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ಬರುವ ಮೊದಲೇ ಕಿಟಕಿಯಿಂದ ಟವಲ್ ಒಗೆದು ಸೀಟು ಹಿಡಿಯುತ್ತಾರೆ. ಈ ಕಲೆಯಲ್ಲಿ ಹುನಗುಂದ ಬಸ್ ಸ್ಟ್ಯಾಂಡಿನ ಚಕ್ರವರ್ತಿ ನಾನು! ಓಡುವ ಬಸ್ಸಿಗೆ ಒಗೆದರೂ ಟವಲ್ ಡ್ರೈವರನ ಹಿಂದಿನ ಸೀಟಿನ ಮೇಲೆ ಹಾಸಿದಂತೆ ಬೀಳುತ್ತಿತ್ತು. ಟವಲ್ ಬಿದ್ದ ಸೀಟಿಗೆ ಯಾರೂ ಕೈ ಹಚ್ಚಬಾರದು. ಅದು ನಮ್ಮ ಬಸ್ಸುಗಳ ಸಂವಿಧಾನ. ಈ ಸಂವಿಧಾನವನ್ನು ಮದುವೆಯಾದ ಹೊಸತರಲ್ಲೇ ಭಾಗವ್ವನಿಗೆ ಬಾಯಿಪಾಠ ಮಾಡಿಸಿದ್ದೆ.

ಮರುದಿನ ರಿಕ್ಷಾ ತೆಗೆಯುವಾಗ ಮರದ ಕೆಳಗೆ ನಮ್ಮ ನೀಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಅದರ ಮೇಲೆ ಟವಲ್ ಹೊದಿಸಿ ಹೊರಟೆ. ಸಂಜೆ ಬಂದರೆ ಕುರ್ಚಿ ನನ್ನ ಜಗಲಿಯ ಮೇಲೆ, ಟವಲ್ ನೀಟಾಗಿ ಮಡಚಿ ಕುರ್ಚಿಯ ಮೇಲೆ, ಕಾರು ಮರದ ಕೆಳಗೆ!

"ಗಾಳಿಗೆ ಬೀಳ್ತದೆ ಅಂತ ಫ್ಲ್ಯಾಟಿನವರೇ ತಂದು ಇಟ್ಟದ್ದು ಮಾರಾಯ," ಎಂದರು ಆಮಿನಮ್ಮ. "ಪಾಪ, ಒಳ್ಳೆ ಜನ."

ಈ ಕರಾವಳಿಯ ಜನಕ್ಕೆ ಟವಲಿನ ಭಾಷೆ ಬರುವುದಿಲ್ಲ ಎಂದು ಅರ್ಥವಾಯಿತು. ಹಾಗಾದರೆ ಕಾನೂನಿನ ಭಾಷೆಯಲ್ಲೇ ಮಾತಾಡೋಣ! ಮುಂದಿನ ಭಾನುವಾರ ಆಮಿನಮ್ಮನ ಜಗಲಿಯಲ್ಲಿ ಓಣಿಯವರ ಸಭೆ ಕರೆಸಿದೆ. ಫ್ಲ್ಯಾಟಿನ ಕಡೆಯಿಂದ ಅವರ ಸಂಘದ ಸೆಕ್ರೆಟರಿ ಉಮಾನಾಥರು ಬಂದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ನಯವಾದ ಮಾತು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಒಂದು ನಿಯಮ ಮಂಡಿಸಿದೆ.

"ಯಾರ ಮನೆಯ ಗಾಡಿಯೇ ಆಗಲಿ, ಯಾರ ಮನೆಗೆ ಬಂದವರ ಗಾಡಿಯೇ ಆಗಲಿ, ಓಣಿಯಲ್ಲಿ ಅಡ್ಡ ನಿಂತರೆ ಆ ಮನೆಯವರ ಗಾಡಿಗೆ ಒಂದು ತಿಂಗಳು ಓಣಿಯೇ ಬಂದ್!"

"ಒಳ್ಳೆ ರೂಲ್ ಮಾರಾಯ್ರೆ," ಎಂದರು ಉಮಾನಾಥರು. "ಆದರೆ ಎಲ್ಲರಿಗೂ ಒಂದೇ, ಅಲ್ವಾ? ನಿಮಗೂ?"

"ನನಗೂ! ನನ್ನ ಮನೆಗೆ ಕಾರಿನಲ್ಲಿ ಬರುವ ನೆಂಟರು ಯಾರಿದ್ದಾರೆ ಸರ್?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಈಗ ನೆನೆದರೆ ಆ ನಗು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತದೆ.

ನಿಯಮಕ್ಕೆ ಹೆದರಿ ಫ್ಲ್ಯಾಟಿನವರು ಕಾರುಗಳನ್ನು ಹೇಗೋ ಒಳಗೆ ತುರುಕಿಕೊಂಡರು. ಆದರೆ ರೈಲಿಗೆ ಹೋಗುವವರು ಯಾರ ಮನೆಯವರೂ ಅಲ್ಲವಲ್ಲ! ಅವರಿಗೆ ಯಾವ ನಿಯಮ? ನಾನು ರಿಕ್ಷಾ ತೆಗೆದರೆ ಸಾಕು, ಮರದ ಕೆಳಗೆ ಒಂದು ಕಾರು ಬಂದು ಕೂರುತ್ತಿತ್ತು. ದೂರದ ಬಾಡಿಗೆ ಬಂದರೆ ನಾನು ನೆಪ ಹುಡುಕತೊಡಗಿದೆ.

"ಕಾಪು ಲೈಟ್‌ಹೌಸಿಗೆ ಬರ್ತೀರಾ?"

"ಕಾಪುವಿಗಾ? ಅಯ್ಯೋ, ಬರುವಷ್ಟರಲ್ಲಿ ನನ್ನ ಜಾಗ ಹೋಗಿರುತ್ತದೆ."

"ಎಂತ ಜಾಗ? ಕೋರ್ಟಿನಲ್ಲಿ ಉಂಟಾ?"

ಮಣಿಪಾಲದ ಆಸ್ಪತ್ರೆಗೆಂದು ಹತ್ತಿದವರೊಬ್ಬರನ್ನು ಅರ್ಧ ದಾರಿಯಲ್ಲಿ ತಿರುಗಿಸಿ ನಮ್ಮ ಓಣಿಗೇ ಕರೆತಂದೆ, ಬಾದಾಮಿ ಮರವನ್ನು ಒಮ್ಮೆ ಕಣ್ಣಲ್ಲಿ ನೋಡಿ ಹೋಗೋಣ ಅಂತ. ಅವರು ಇಳಿದು ಹೋದರು. ಕೊನೆಗೆ ರಿಕ್ಷಾ ತೆಗೆಯುವುದೇ ಅಪಾಯ ಎಂದು ತೀರ್ಮಾನಿಸಿ, ಮರದ ಕೆಳಗೆ ಅದನ್ನು ನಿಲ್ಲಿಸಿ, ಒಳಗೆ ನಾನು ಕೂತು ಕಾವಲು ಕಾಯತೊಡಗಿದೆ. ಬೆಳಗಿನ ಮುಂಬೈ ರೈಲು ಬಂತು, ಹೋಯಿತು. ಮರುದಿನವೂ ಬಂತು, ಹೋಯಿತು. ನನ್ನ ಖಾಯಂ ಗಿರಾಕಿಗಳು ಬೇರೆಯವರ ರಿಕ್ಷಾ ಹತ್ತಿದರು.

ಭಾಗವ್ವ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

"ಏನ್ರೀ, ರಿಕ್ಷಾ ಓಡಸಾಕ ಜಾಗ ಬೇಕೋ, ಜಾಗ ಕಾಯಾಕ ರಿಕ್ಷಾ ಬೇಕೋ?"

ಒಲೆ ಹೊತ್ತುವುದು ಈ ರಿಕ್ಷಾದ ಮೇಲೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

"ನೀ ಇಲ್ಲಿ ಕುಂದರ್ತೀ ಏನು? ನಾ ಬರೋತನಕ ಅಷ್ಟ. ನೀ ಕುಂತ್ರ ಯಾರೂ ಎಬ್ಬಿಸೂದಿಲ್ಲ."

"ಕುಂದರ್ತೀನಿ. ಆದ್ರ ನಿಮ್ಮ ಕುರ್ಚಿ ಹಂಗ ಸುಮ್ಕ ಕುಂದ್ರಾಕ ನನ್ನಿಂದ ಆಗೂದಿಲ್ಲ. ಒಲಿ, ಹಂಚು ತಂದು ಇಲ್ಲೇ ರೊಟ್ಟಿ ಬಡೀತೀನಿ."

ಬಡಿ ತಾಯಿ, ಬಡಿ! ನಾನು ಕುಣಿಯುತ್ತ ಸ್ಟ್ಯಾಂಡಿಗೆ ಹೋದೆ. ಅಂದು ಸಂಜೆ ಬಂದಾಗ ನನ್ನ ಜಾಗ ಖಾಲಿ ಇತ್ತು. ಭಾಗವ್ವ ಒಲೆ ಸರಿಸಿದಳು, ನಾನು ರಾಜಠೀವಿಯಿಂದ ರಿಕ್ಷಾ ಒಳಸೇರಿಸಿದೆ. ಈ ಉಪಾಯವನ್ನು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ವರ್ಣಿಸಿ, ಚಹಾ ನಾನೇ ಕುಡಿಸಿದೆ.

ಆದರೆ ಜೋಳದ ರೊಟ್ಟಿ ಬಡಿಯುವ ಸದ್ದು ನಾಲ್ಕನೆಯ ಮಾಳಿಗೆಯವರೆಗೂ ಹೋಗುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಸದ್ದು ಕೇಳಿ ಮೊದಲು ಇಳಿದು ಬಂದವರು ಉಮಾನಾಥರು.

"ಇದು ಜೋಳದ್ದಾ ಭಾಗವ್ವ? ನನಗೆ ಶುಗರ್ ಉಂಟು. ಕುಚ್ಚಲಕ್ಕಿ ಅನ್ನ ಬಿಟ್ಟು ಜೋಳ ತಿನ್ನಿ ಅಂತ ಡಾಕ್ಟ್ರು ಹೇಳಿದ್ದಾರೆ. ಮಾಡುವವರು ಯಾರೂ ಇಲ್ಲ."

"ಕುಂದರ್ರಿ ಸಾಹೇಬ್ರ. ಬಿಸಿದು ಕೊಡ್ತೀನಿ."

ನಾನು ಜಾಗಕ್ಕಾಗಿ ಜಗಳವಾಡಿದ ಮನುಷ್ಯ ನನ್ನದೇ ನೀಲಿ ಕುರ್ಚಿಯಲ್ಲಿ ಕೂತು, ನನ್ನದೇ ಪಾಲಿನ ಶೇಂಗಾ ಚಟ್ನಿ ಹಚ್ಚಿಕೊಂಡು ಉಂಡರು. ಮರುದಿನ ಕಟ್ಟಿಸಿಕೊಂಡು ಹೋದರು. ಬೆಳಿಗ್ಗೆ ಅವರ ಜೊತೆ ವಾಕಿಂಗ್ ಮಾಡುವವರ ಒಂದು ಗುಂಪಿದೆ, ಎಲ್ಲರಿಗೂ ಶುಗರ್. ಅವರಿಗೆಲ್ಲ ಸುದ್ದಿ ಮುಟ್ಟಿತು. ದಿನಾ ಮೈಲಿಗಟ್ಟಲೆ ನಡೆಯುವ ಆ ಮಹನೀಯರು ರೊಟ್ಟಿಗೆ ಮಾತ್ರ ಕಾರಿನಲ್ಲೇ ಬಂದರು! ಮುಂಬೈಗೆ ಹೋಗುವವರು ಕಡಕ್ ರೊಟ್ಟಿ ಕೇಳಿದರು. ಕೋಳಿ ಸಾರಿನ ಜೊತೆ ತಿನ್ನುವ ತಮ್ಮ ಕೋರಿ ರೊಟ್ಟಿಯ ಹಾಗೆ ಇಟ್ಟಷ್ಟು ದಿನ ಇರುತ್ತದೆ ಎಂದು ಹೊಗಳಿದರು. ಮಣಿಪಾಲದಿಂದ ಕಾರು, ಕಾರ್ಕಳದಿಂದ ಕಾರು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕಾರು!

ಒಂದು ಸಂಜೆ ನಾನು ಓಣಿಯ ಬಾಯಿಯಲ್ಲೇ ಸಿಕ್ಕಿಬಿದ್ದೆ. ಮುಂದೆ ಹೋಗಲು ದಾರಿಯಿಲ್ಲ. ಹಾರ್ನ್ ಒತ್ತಿ ಒತ್ತಿ ಕೂಗಿದೆ.

"ಯಾರದು ಈ ಕಾರು? ಯಾರ ಮನೆಗೆ ಬಂದದ್ದು? ನಿಯಮ ಗೊತ್ತಿಲ್ಲವಾ?"

ಆಮಿನಮ್ಮ ಜಗಲಿಯಿಂದ ನಿಧಾನವಾಗಿ ಇಳಿದು ಬಂದರು.

"ಎಂತ ಬೊಬ್ಬೆ ಪರಮಾನಂದ? ನಿನ್ನ ಮನೆಗೇ ಬಂದದ್ದು ಮಾರಾಯ. ಅದೂ, ಅದರ ಹಿಂದಿನದೂ, ಮೂಲೆಯಲ್ಲಿ ನಿಂತದ್ದೂ."

ಹಾರ್ನಿನ ಮೇಲಿಂದ ಕೈ ತಾನಾಗಿ ಜಾರಿತು. ಉಮಾನಾಥರು ರೊಟ್ಟಿಯ ಪೊಟ್ಟಣ ಹಿಡಿದು ನಿಂತಿದ್ದರು. ಕನ್ನಡಕ ಒರೆಸಿಕೊಂಡರು, ಅಷ್ಟೇ. ನಾನೇ ಮಾಡಿದ ನಿಯಮದ ಪ್ರಕಾರ ನನ್ನ ರಿಕ್ಷಾಕ್ಕೆ ಒಂದು ತಿಂಗಳು ಓಣಿ ಬಂದ್!

ಆ ತಿಂಗಳು ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ರಿಕ್ಷಾ ಮೋರಿಯ ಪಕ್ಕ, ನಾನು ಮನೆ ಮತ್ತು ಮೋರಿಯ ನಡುವೆ. ಭಾಗವ್ವನಿಗೆ ಮಾತ್ರ ಪುರುಸೊತ್ತಿಲ್ಲ. ನನ್ನ ಜಾಗದಲ್ಲಿ ಈಗ ಎರಡು ಒಲೆ. ತಿಂಗಳು ಮುಗಿಯುವ ಹೊತ್ತಿಗೆ ಸರಿಯಾಗಿ ಆಮಿನಮ್ಮನ ಮಗ ನಜೀಬ್ ಶಾರ್ಜಾದಿಂದ ರಜೆಯಲ್ಲಿ ಬಂದು ಹೊಸ ಕಾರು ಕೊಂಡ. ಅದನ್ನು ಅವರು ಎಲ್ಲಿ ನಿಲ್ಲಿಸಬೇಕು? ಅವರದೇ ಮನೆಯ ಎದುರು, ಅವರ ಅಜ್ಜ ನೆಟ್ಟ ಬಾದಾಮಿ ಮರದ ಕೆಳಗೆ. ಭಾಗವ್ವನ ಎರಡೂ ಒಲೆ ಅಲ್ಲಿಂದ ಎದ್ದವು. ಮನೆಯ ಯಜಮಾನಿಯ ಹತ್ತಿರ ಟವಲಿನ ಸಂವಿಧಾನ ಮಾತಾಡಲು ನನಗೆ ಬಾಯಿ ಬರಲಿಲ್ಲ. ನನ್ನ ವಿಳಾಸ ಹೋಯಿತು ಎಂದು ಅಂದು ಸಂಜೆ ಸುಮ್ಮನೆ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಳು ಬಂದದ್ದು ಸುಳ್ಳಲ್ಲ.

ಅಲ್ಲಿಗೇ ಹುಡುಕಿಕೊಂಡು ಬಂದರು ಉಮಾನಾಥರು.

"ಪರಮಾನಂದರೇ, ಒಂದು ಕೆಲಸ ಮಾಡುವ. ನಮ್ಮಲ್ಲಿ ಒಂದು ಫ್ಲ್ಯಾಟಿನವರು ದುಬೈಯಲ್ಲಿ ಇರುವುದು. ಅವರ ಪಾರ್ಕಿಂಗ್ ಖಾಲಿ ಉಂಟು. ಗೇಟಿನ ಬಲಕ್ಕೆ, ಒಳ್ಳೆ ಜಾಗ. ಅವರಿಗೆ ಫೋನ್ ಮಾಡಿ ಕೇಳಿದ್ದೇನೆ. ಅದನ್ನು ನಿಮ್ಮ ಭಾಗವ್ವನಿಗೆ ಕೊಡುವ ಅಂತ ಸಂಘದವರ ಆಲೋಚನೆ. ರೊಟ್ಟಿ ನಿಲ್ಲಬಾರದು, ಅಲ್ವಾ?"

ಶುಭಯಾನದ ಒಳಗೆ! ಕಂಪೌಂಡು, ಗೇಟು, ವಾಚ್‌ಮನ್! ನನ್ನ ರಿಕ್ಷಾಕ್ಕೆ! 'ಭಾಗವ್ವನಿಗೆ' ಎಂದು ಅವರು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೆಂಡತಿಗೆ ಬಂದದ್ದು ಗಂಡನಿಗೆ ಬಂದ ಹಾಗೇ ಎಂದು ನಂಬಿದ ಮುಗ್ಧ ನಾನು.

ಮರುದಿನ ಬೆಳಿಗ್ಗೆ ಎದ್ದವನೇ ರಿಕ್ಷಾ ತೊಳೆದೆ, ಚೆಂಡು ಹೂವಿನ ಮಾಲೆ ಹಾಕಿದೆ, ಸ್ಟ್ಯಾಂಡಿಗೆ ಹೋಗಿ ಎಲ್ಲರಿಗೂ ಕೇಳುವಂತೆ "ಇವತ್ತಿನಿಂದ ನಮ್ಮದು ಫ್ಲ್ಯಾಟಿನ ಪಾರ್ಕಿಂಗು" ಎಂದು ಸಾರಿದೆ. ಮಧ್ಯಾಹ್ನ ಶುಭಯಾನದ ಗೇಟಿನ ಎದುರು ಹೋಗಿ ಹಾರ್ನ್ ಒತ್ತಿದೆ. ವಾಚ್‌ಮನ್ ಯಂಕಪ್ಪ ನಮ್ಮ ಕಡೆಯವನೇ. ಗೇಟು ತೆರೆದ, ಆದರೆ ಅರ್ಧ.

"ಪರಮಣ್ಣ, ರೊಟ್ಟಿ ತಗೊಳ್ಳಾಕ ಬಂದಿಯೇನು? ಗಾಡಿ ಹೊರಗ ನಿಲ್ಲಿಸಿ ಪಾಳಿಯೊಳಗ ಬಾ."

"ಏ ಹುಚ್ಚಾ! ಇದು ನನ್ನ ಜಾಗ! ಸರಿ ಅತ್ಲಾಗ!"

ರಿಕ್ಷಾವನ್ನು ಅರ್ಧ ಗೇಟಿನಲ್ಲೇ ತೂರಿಸಿಕೊಂಡು ಒಳನುಗ್ಗಿ ಬಲಕ್ಕೆ ತಿರುಗಿಸಿದೆ. ಬ್ರೇಕು ಹಾಕಿದೆ.

ಚಂದದ ಬಿಸಿಲು ಬೀಳುವ ಆ ಜಾಗದಲ್ಲಿ, ಗೋಡೆಯಿಂದ ಗೋಡೆಯವರೆಗೆ ಬಿಳಿ ಬಟ್ಟೆ ಹಾಸಿ, ಸಾಲುಸಾಲಾಗಿ ಕಡಕ್ ರೊಟ್ಟಿ ಒಣಹಾಕಿತ್ತು. ನಡುವೆ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಮೇಲೆ, ನೀಟಾಗಿ ಹೊದಿಸಿದ್ದ ನನ್ನ ಟವಲ್. ಪಕ್ಕದಲ್ಲಿ ಕೂತು ಹಿಟ್ಟು ನಾದುತ್ತಿದ್ದ ಭಾಗವ್ವ ತಲೆಯೆತ್ತಿ ನೋಡಿದಳು.

"ಭಾಗವ್ವಾ, ಸ್ವಲ್ಪ ಸರಿಸು. ರಿಕ್ಷಾ ನಿಲ್ಲಿಸಬೇಕು."

"ಎಲ್ಲಿ ನಿಲ್ಲಸ್ತೀರಿ?" ಎಂದಳು. "ಟವಲ್ ಕಾಣವಲ್ದೇನ್ರೀ?"